ಟೆಂಟಿನಲ್ಲಿ ಇಬ್ಬರಿಗೆ: ಡಬಲ್ ಸ್ಲೀಪಿಂಗ್ ಬ್ಯಾಗಾ, ಎರಡು ಸಿಂಗಲ್ಲಾ? ಅನುಭವ ಹೇಳಿ

ಹೊಸ ಟೆಂಟಿನವಳು:
ನಾನು, ನಮ್ಮ ಯಜಮಾನರು ಡಿಸೆಂಬರಿನಲ್ಲಿ ಚಿಕ್ಕಮಗಳೂರು ಕಡೆ ಒಂದು ಕಾಫಿ ತೋಟದಲ್ಲಿ ಟೆಂಟ್ ಹಾಕುತ್ತಿದ್ದೇವೆ. ಜೂನ್ ಕೊನೆಗೆ ಹಿಮಾಚಲದ ಸ್ಪಿತಿ, ಚಂದ್ರತಾಲ್ ಸರೋವರ. ಎರಡೂ ಕಾರಿನಲ್ಲೇ. ನನಗೆ ಫ್ಯಾನ್ ಎರಡರಲ್ಲಿಟ್ಟರೂ ಚಳಿ. ಅವರು ಬೆಡ್‌ಶೀಟ್ ಕೂಡ ಒದ್ದು ಹಾಕುತ್ತಾರೆ. ಡಬಲ್ ಬ್ಯಾಗ್ ಒಂದು ಸಾಕಾ, ಎರಡು ಸಿಂಗಲ್ ಬೇಕಾ? ಎಲ್ಲ ಸೇರಿ 15,000 ರೂ. ಒಳಗೆ.

ಕೇದಾರಕಾಂಠ ನೋಡಿ ಬಂದವಳು:
ಡಬಲ್ ಬೇಡ. 2022ರಲ್ಲಿ 9,800 ರೂ. ಕೊಟ್ಟು ತಗೊಂಡೆವು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಮದುವೆಯಾಗಿ ಆರು ತಿಂಗಳು, ಒಂದೇ ಬ್ಯಾಗಿನಲ್ಲಿ ಬೆಚ್ಚಗೆ ಮಲಗೋಣ ಅಂತ ಆಸೆ. ಡಿಸೆಂಬರ್ ಕೊನೆ, ಉತ್ತರಾಖಂಡದ ಕೇದಾರಕಾಂಠ ಬೆಟ್ಟದ ಕ್ಯಾಂಪು, ಹೊರಗೆ ಹಿಮ. ಇವರು ಮಗ್ಗುಲು ಬದಲಿಸಿದಾಗಲೆಲ್ಲ ಭುಜದ ಹತ್ತಿರ ಸಂದು ಬಿಟ್ಟುಕೊಂಡು ತಣ್ಣನೆ ಗಾಳಿ ಸೀದಾ ನನ್ನ ಬೆನ್ನಿಗೆ. ಆ ಸಂದಿಗೆ ಮೊದಲು ನನ್ನ ಶಾಲು ತುರುಕಿದೆ. ಆಮೇಲೆ ಇವರ ಜಾಕೆಟ್ಟು. ಆಮೇಲೆ ಕ್ಯಾಮೆರಾ ಚೀಲ. ರಾತ್ರಿ ಮೂರಕ್ಕೆ ಇಬ್ಬರೂ ಎದ್ದು ಕೂತಿದ್ದೆವು. ಇವರಿಗೆ ಬೆವರು, ನನಗೆ ಹಲ್ಲು ಕಟಕಟ.

ತೂಕ 4.2 ಕೆಜಿ. ಹೊರೋಕಾಗದೆ ಹೇಸರಗತ್ತೆ ಮೇಲೆ ಹಾಕಿಸಿದ್ದಕ್ಕೆ ದಿನಕ್ಕೆ 350 ರೂ. ಬೇರೆ. ಊರಿಗೆ ಬಂದು 3,000ಕ್ಕೆ ಮಾರಿದೆವು.

ಆಮೇಲೆ ಎರಡು ಮಮ್ಮಿ ಸಿಂಗಲ್ (ಕಾಲ ಕಡೆಗೆ ಕಿರಿದಾಗೋ ಬ್ಯಾಗ್) ತರಿಸಿದೆ. ಬೇಕೆಂದಾಗ ಜಿಪ್ ಸೇರಿಸಿ ಒಂದು ಮಾಡಿಕೊಳ್ಳಬಹುದು, ಆದರೆ ಒಂದಕ್ಕೆ ಎಡಗಡೆ ಜಿಪ್, ಇನ್ನೊಂದಕ್ಕೆ ಬಲಗಡೆ ಇರಬೇಕು. ನಮಗೆ ಬಂದದ್ದು ಎರಡೂ ಬಲ. ಪ್ಯಾಕ್ ಒಡೆದಿದ್ದೀರಿ, ಬದಲಿಸಲ್ಲ ಅಂದರು. ಹದಿನೇಳು ಮೇಲ್ ಬರೆದೆ. ಕೊನೆಗೆ ಕೊರಿಯರ್ ಖರ್ಚು 340 ರೂ. ನಾನೇ ಕೊಟ್ಟು ಒಂದನ್ನು ಬದಲಿಸಿಕೊಂಡೆ. ಈಗ ಇವರದ್ದು ತೆಳು, ನನ್ನದು ದಪ್ಪ. ಇವರ ಜಿಪ್ ಮೊಣಕಾಲವರೆಗೆ ತೆಗೆದೇ ಇರುತ್ತೆ. ಜಗಳ ಇಲ್ಲ.

ತೋಟದ ಟೆಂಟು:
ಎಲ್ಲರೂ ಮೇಲಿನದ್ದನ್ನೇ ಮಾತಾಡುತ್ತಾರೆ. ಚಳಿ ಬರೋದು ಕೆಳಗಿಂದ. ನಾವಿಬ್ಬರೂ ಮುಳ್ಳಯ್ಯನಗಿರಿ ಕಡೆ ತೋಟದಲ್ಲಿ ಮಲಗಿದಾಗ 12 ಡಿಗ್ರಿ ಇತ್ತು, ಅಷ್ಟೇ. ದೊಡ್ಡ ಏರ್‌ಬೆಡ್ 2,600, ಪಂಪು 900, ಮೇಲೆ ಮನೆಯ ದಪ್ಪ ರಜಾಯಿ. ಆದರೂ ಸೊಂಟ ಮರಗಟ್ಟಿ ಹೋಯಿತು. ಏರ್‌ಬೆಡ್ ಒಳಗಿನ ಗಾಳಿ ಸುಮ್ನೆ ಇರಲ್ಲ. ಮೈ ಶಾಖ ತಗೊಂಡು ನೆಲಕ್ಕೆ ಕೊಟ್ಟು ಬರುತ್ತೆ. ಸ್ಲೀಪಿಂಗ್ ಬ್ಯಾಗೂ ಹಾಗೇ, ಅಡಿಭಾಗ ನಮ್ಮ ಭಾರಕ್ಕೆ ಅಪ್ಪಚ್ಚಿ. ಉಬ್ಬಿಲ್ಲದ ಕಡೆ ಬೆಚ್ಚಗೂ ಇಲ್ಲ.

ಎರಡು ಗಂಟೆಗೆ ವಾಲ್ವ್ ಹತ್ತಿರ ಸುಯ್ ಅಂತ ಶುರುವಾಯಿತು. ನಾನು ಎದ್ದರೆ ನನ್ನವಳು ನನ್ನ ಕಡೆಯ ಗುಂಡಿಗೆ ಉರುಳೋದು. ಪಂಚರ್ ಪ್ಯಾಚಿಗೆ 180, ಅದೂ ನಿಲ್ಲಲಿಲ್ಲ. ಎರಡನೇ ಏರ್‌ಬೆಡ್ 3,400. ಅದಕ್ಕೂ ಅದೇ ಗತಿ. ಕೊನೆಗೆ ನಮ್ಮನ್ನು ಉಳಿಸಿದ್ದು 450 ರೂಪಾಯಿಯ ಎರಡು ಫೋಮ್ ಮ್ಯಾಟ್. ಮ್ಯಾಟಿನ ಮೇಲೆ ಆರ್-ವ್ಯಾಲ್ಯೂ ಅಂತ ಇರುತ್ತೆ, ಅದು ಹೆಚ್ಚಿದ್ದಷ್ಟೂ ನೆಲದ ಚಳಿ ಕಡಿಮೆ, ನೋಡಿ ತಗೊಳ್ಳಿ. ಹಿಮದ ಮೇಲಾದರೆ 4ರ ಮೇಲೆ ಬೇಕು. ಒಂದರ ಮೇಲೊಂದು ಹಾಸಿದರೆ ಎರಡರ ಲೆಕ್ಕವೂ ಕೂಡುತ್ತೆ.

ಚಳ್ಳಕೆರೆ ಹುಡುಗ:
ಸಾವಿರಗಟ್ಟಲೆ ಪ್ಲಾಸ್ಟಿಕ್ಕಿಗೆ ಸುರಿಯೋ ಬದಲು ಒಂದು ಒಳ್ಳೆ ಕಂಬಳಿ ತಗೊಳ್ಳಿ ತಾಯಿ. ನಮ್ಮಜ್ಜ ಕುರಿ ಮಂದೆ ಜೊತೆ ಆರಾರು ತಿಂಗಳು ಬಯಲಲ್ಲೇ ಮಲಗುತ್ತಿದ್ದರು. ಅರ್ಧ ಹಾಸೋದು, ಅರ್ಧ ಹೊದೆಯೋದು, ಮಳೆ ಬಂದರೆ ಗೊಪ್ಪೆ ಮಾಡಿ ತಲೆ ಮೇಲಿಂದ ಹಾಕೋದು. ಕರಿ ಕುರಿ ಉಣ್ಣೆ, ಕೈಮಗ್ಗದ್ದು, ಹುಣಸೆ ಬೀಜದ ಗಂಜಿ ಕೊಟ್ಟದ್ದು. ಹೊಸದರಲ್ಲಿ ಚುಚ್ಚುತ್ತೆ, ಎರಡು ವರ್ಷಕ್ಕೆ ಮೆತ್ತಗಾಗುತ್ತೆ. ನಾನು 2,800 ಕೊಟ್ಟೆ. ಕೆಳಗೆ ಅಮ್ಮ ಹೊಲಿದ ಕೌದಿ, ಮೇಲೆ ಕಂಬಳಿ. ನಾನೂ ನನ್ನ ಹೆಂಡತಿಯೂ ಎಲ್ಲ ಕಡೆ ಅದರಲ್ಲೇ ಮಲಗಿದ್ದೇವೆ.

ಗರಿ ಮೆತ್ತೆ:
ಎಲ್ಲ ಕಡೆ ಅಂದರೆ ಎಲ್ಲಿ ಸರ್? ಚಂದ್ರತಾಲ್ 4,000 ಮೀಟರಿಗಿಂತ ಮೇಲಿದೆ. ಜೂನ್ ಕೊನೆಯಲ್ಲೂ ರಾತ್ರಿ ಸೊನ್ನೆ ಹತ್ತಿರ. ಅಲ್ಲಿಗೆ ಒಂದು ಕಂಬಳಿ ನಂಬಿ ಕಳಿಸಬೇಡಿ.

ನಾನು ಡೌನ್ ಬ್ಯಾಗ್ (ಒಳಗೆ ಬಾತುಕೋಳಿಯ ಮೆತ್ತನೆ ಗರಿ ತುಂಬಿದ್ದು) ತಗೊಂಡೆ, ಒಂದಕ್ಕೆ 14,500, ಎರಡು. ತೂಕ ಒಂದೊಂದು ಕೆಜಿ. ಅದರಷ್ಟು ಹಗುರದಲ್ಲಿ ಅಷ್ಟು ಬೆಚ್ಚಗೆ ಬೇರೆ ಯಾವುದೂ ಇಲ್ಲ. ಆದರೆ ಒಂದು ರಾತ್ರಿ ಚಳಿ ಅಂತ ಟೆಂಟಿನ ಗಾಳಿಕಿಂಡಿ ಎಲ್ಲ ಮುಚ್ಚಿದೆ. ಇಬ್ಬರ ಉಸಿರೂ ಮೇಲಿನ ಬಟ್ಟೆಗೆ ಹನಿ ಕಟ್ಟಿ ಕಾಲ ಕಡೆ ತೊಟ್ಟಿಕ್ಕಿತು. ಬೆಳಿಗ್ಗೆ ಮುಟ್ಟಿ ನೋಡಿದರೆ ಗರಿ ಎಲ್ಲ ಮುದ್ದೆ, ಒದ್ದೆ ಕೋಳಿ ಹಿಡಿದ ಹಾಗೆ. ಊರಲ್ಲಿ ಲಾಂಡ್ರಿಗೆ ಕೊಟ್ಟೆ, 1,200 ತಗೊಂಡು ಇನ್ನೂ ಗಂಟು ಮಾಡಿ ಕೊಟ್ಟರು. ಟೆನಿಸ್ ಬಾಲ್ ಹಾಕಿ ಡ್ರೈಯರಿನಲ್ಲಿ ಸಣ್ಣ ಬಿಸಿಯಲ್ಲಿ ನಾಲ್ಕು ಸಲ ತಿರುಗಿಸಿದ ಮೇಲೆ ಉಬ್ಬಿತು.

ಚಳ್ಳಕೆರೆ ಹುಡುಗ:
29,000 ಕೊಟ್ಟು ಒದ್ದೆ ಕೋಳಿ ತಂದಿರಿ. ಉಣ್ಣೆ ನೆನೆದರೂ ಅಷ್ಟಿಷ್ಟು ಬೆಚ್ಚಗೇ ಇರುತ್ತೆ ಸ್ವಾಮಿ.

ಗರಿ ಮೆತ್ತೆ:
ನನ್ನ ತಪ್ಪು ನಾನೇ ಒಪ್ಪಿಕೊಂಡು ಬರೆದಿದ್ದೇನೆ, ಬೇರೆಯವರಿಗೆ ಆಗದಿರಲಿ ಅಂತ. ಅದನ್ನೇ ಹಿಡಿದು ಚುಚ್ಚಬೇಡಿ. ನೆನೆದ ಕಂಬಳಿ ಎಷ್ಟು ಭಾರ ಅಂತಲೂ ಹೇಳಿ.

ಬೆಳಗಾವಿ ಜೋಡಿ:
ನಮ್ಮ ಮನೆಯಲ್ಲಿ ಬಾತುಕೋಳಿ ಗರಿ ಮುಟ್ಟಲ್ಲ. ಸಿಂಥೆಟಿಕ್ ಹಾಸಿ, ಹೊದೆದು ಎಂಟು ವರ್ಷ ಆಯಿತು, ಇಬ್ಬರೂ ಗಟ್ಟಿಯಾಗಿದ್ದೇವೆ. ಕುರಿಯದ್ದಾದರೆ ಕತ್ತರಿಸಿ ಬಿಡುತ್ತಾರೆ, ಮತ್ತೆ ಬೆಳೆಯುತ್ತೆ. ಗರಿಗೆ ಹಾಗಲ್ಲ.

ಗರಿ ಮೆತ್ತೆ:
ಕಾಲಿಗೆ ಹಾಕಿದ ಬೂಟು ಯಾವುದರದ್ದು ಸರ್?

ಬೆಳಗಾವಿ ಜೋಡಿ:
ಬಟ್ಟೆಯದ್ದು. 2019ರಿಂದ ಚರ್ಮ ಬಿಟ್ಟಿದ್ದೇವೆ. ಕೇಳದೆ ತೀರ್ಮಾನ ಮಾಡಬೇಡಿ.

ಬೆಟ್ಟ 47:
ಇದೆಲ್ಲ ಮನಸ್ಸಿನದ್ದು. ಹೆಂಗಸರಿಗೆ ಚಳಿ ಜಾಸ್ತಿ ಅನ್ನೋದೇ ಒಂದು ರೂಢಿ. ನಾಲ್ಕು ರಾತ್ರಿ ಮಲಗಿದರೆ ಒಗ್ಗುತ್ತೆ.

ಕೇದಾರಕಾಂಠ ನೋಡಿ ಬಂದವಳು:
ಇದನ್ನು ನನ್ನ ಮೈದುನನೂ ಹೇಳಿದ್ದ, ಆ ರಾತ್ರಿ ನನ್ನ ಕಾಲ್ಬೆರಳು ಎರಡು ಗಂಟೆ ಜೋಮು ಬಿಟ್ಟಿರಲಿಲ್ಲ. ಬ್ಯಾಗಿನ ಲೇಬಲ್ ಓದಿದ್ದೀರಾ? ಐಎಸ್‌ಒ 23537 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾದ ಬ್ಯಾಗಿಗೆ ಕಂಫರ್ಟ್, ಲಿಮಿಟ್ ಅಂತ ಬೇರೆ ಬೇರೆ ಡಿಗ್ರಿ ಹಾಕಿರುತ್ತಾರೆ. ಕಂಫರ್ಟ್ ಹೆಂಗಸಿನ ಲೆಕ್ಕಕ್ಕೆ, ಲಿಮಿಟ್ ಗಂಡಸಿನ ಲೆಕ್ಕಕ್ಕೆ. ಎರಡರ ನಡುವೆ ಐದಾರು ಡಿಗ್ರಿ ಅಂತರ ಇರುತ್ತೆ. ಮನಸ್ಸಿನದ್ದಾದರೆ ಯಾಕೆ ಬೇರೆ ಹಾಕುತ್ತಾರೆ? ಅಂಗಡಿಯವರು ದೊಡ್ಡದಾಗಿ ಬರೆಯೋದು ಎಕ್ಸ್‌ಟ್ರೀಮ್ ಡಿಗ್ರಿ. ಅದು ಜೀವ ಉಳಿಯೋಕೆ, ನಿದ್ದೆಗಲ್ಲ. ನಾನು ಮೊದಲ ಸಲ ಅದನ್ನೇ ನೋಡಿ ಮೋಸ ಹೋದದ್ದು.

ಬೆಟ್ಟ 47:
ಸರಿ ಅಕ್ಕ, ಲೇಬಲ್ ವಿಷಯ ಗೊತ್ತಿರಲಿಲ್ಲ. ಆದರೆ ಒಗ್ಗುತ್ತೆ ಅನ್ನೋದು ಸುಳ್ಳಲ್ಲ.

ಹೊಸ ಟೆಂಟಿನವಳು:
ಹಾಗಾದರೆ ಎರಡು ಸಿಂಗಲ್, ಒಂದು ಎಡ ಒಂದು ಬಲ, ಕೆಳಗೆ ಫೋಮ್ ಮ್ಯಾಟ್. ಸರೀನಾ? ತೋಟಕ್ಕೆ ಮನೆಯ ಕಂಬಳಿ ಒಯ್ಯುತ್ತೇವೆ, ಅತ್ತೆ ಜಾತ್ರೆಯಲ್ಲಿ 1,900 ಕೊಟ್ಟು ತಂದದ್ದಿದೆ.

ಚಳ್ಳಕೆರೆ ಹುಡುಗ:
1,900ಕ್ಕೆ ಅಷ್ಟು ದೊಡ್ಡದು ಅಂದರೆ ಅನುಮಾನ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತೆ. ಈ ನಕಲಿ ಮಾಲಿನಿಂದ ನಮ್ಮ ಕಡೆ ಎಷ್ಟೋ ಮಗ್ಗ ನಿಂತು ಹೋಗಿವೆ.

ತೋಟದ ಟೆಂಟು:
ಟೆಂಟಿನ ಒಳಗೆ ಸುಡಬೇಡಿ ಮತ್ತೆ.

ಹೊಸ ಟೆಂಟಿನವಳು:
ಅಡುಗೆಮನೆ ಸಿಂಕಿನ ಹತ್ತಿರ ಸುಟ್ಟು ನೋಡಿದೆ. ಕರಿ ಮಣಿಯಾಯಿತು. ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ. ಅತ್ತೆ ಅದನ್ನು ಊರಿಂದ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದರು. ಹೇಳಲಾ, ಬೇಡವಾ?

ಚಳ್ಳಕೆರೆ ಹುಡುಗ:
ಹೇಳಬೇಡಿ ತಾಯಿ. ತೋಟಕ್ಕೆ ಅದನ್ನೇ ಒಯ್ಯಿರಿ, ಫೋಮ್ ಮ್ಯಾಟಿನ ಮೇಲೆ ಹಾಸಿಕೊಳ್ಳಿ.