ಸ್ವಗತ ಯಾವುದು, ಬರೀ ಒಬ್ಬರ ಉದ್ದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಿಂದ ಒಂದು ಪ್ರಶ್ನೆ. ಇಂಗ್ಲಿಷಿನ ಸಾಲಿಲಕ್ವಿ, ಮಾನೊಲಾಗ್ ಎರಡಕ್ಕೂ ನಾವು ‘ಸ್ವಗತ’ ಅಂತಲೇ ಬರೆದುಬಿಡುತ್ತೇವೆ. ಇಲ್ಲಿ ಮಕ್ಕಳ ನಾಟಕ ಸ್ಪರ್ಧೆಗೆ ನಿಯಮ ಬರೆಯುವಾಗ ಒಬ್ಬರು ‘ಏಕಪಾತ್ರಾಭಿನಯ’ ಅಂತ ಹಾಕಿ ಅಂದರು, ಇನ್ನೊಬ್ಬರು ‘ಸ್ವಗತ’ ಅಂತಲೇ ಇರಲಿ ಅಂದರು, ವ್ಯತ್ಯಾಸ ಏನು ಅಂದರೆ ಇಬ್ಬರೂ ಸುಮ್ಮನೆ ನಕ್ಕರು.

ಪದದ ಬುಡ ಅಗೆದರೆ ಏನೂ ಸಿಗುವುದಿಲ್ಲ. ಸಾಲಿಲಕ್ವಿ ಲ್ಯಾಟಿನ್, ಮಾನೊಲಾಗ್ ಗ್ರೀಕ್. ಎರಡರ ಅರ್ಥವೂ ಒಬ್ಬನೇ ಆಡುವ ಮಾತು ಅಂತಲೇ. ತಮಾಷೆ ನೋಡಿ, ಸಂತ ಅಗಸ್ಟೀನ್ ಕ್ರಿ.ಶ. 387ರ ಸುಮಾರಿಗೆ ಆ ಲ್ಯಾಟಿನ್ ಹೆಸರಿಟ್ಟು ಬರೆದ ಪುಸ್ತಕದಲ್ಲಿ ಅವನೂ ಅವನ ವಿವೇಕವೂ ಕೂತು ಪ್ರಶ್ನೋತ್ತರ ನಡೆಸುತ್ತಾರೆ!

ಎಷ್ಟು ಜನ ಮಾತಾಡುತ್ತಾರೆ ಅನ್ನುವುದಲ್ಲ, ನಾಟಕದ ಒಳಗೆ ಆ ಮಾತು ಯಾರಿಗೆ ಅನ್ನುವುದು ಮುಖ್ಯ ಅಂತ ನನಗನಿಸುತ್ತದೆ. ಸೀಸರನ ಹೆಣ ಇಟ್ಟುಕೊಂಡು ಆಂಟನಿ ರೋಮಿನ ಜನಕ್ಕೆ ಹೇಳುತ್ತಾನೆ, ಜನ ನಡುನಡುವೆ ಕೂಗುತ್ತಾರೆ, ಕೊನೆಗೆ ಬೆಂಕಿ ಹಚ್ಚಲು ಹೊರಡುತ್ತಾರೆ. ಅದು ಮಾನೊಲಾಗ್. ಹ್ಯಾಮ್ಲೆಟ್ ‘ಇರಬೇಕೋ ಇರಬಾರದೋ’ ಅನ್ನುವಾಗ ಒಫೀಲಿಯಾ ಅಲ್ಲೇ ಇದ್ದಾಳೆ, ರಾಜನೂ ಪೊಲೋನಿಯಸ್ಸೂ ಮರೆಯಲ್ಲಿ ಕಿವಿಯಾನಿಸಿ ನಿಂತಿದ್ದಾರೆ. ಆದರೂ ಅದು ಸಾಲಿಲಕ್ವಿ, ಅವನು ಅದನ್ನು ಯಾರಿಗೂ ಹೇಳುತ್ತಿಲ್ಲವಲ್ಲ. ಅವರು ಕೇಳಲಿ ಅಂತಲೇ ಆಡಿದ್ದು ಅನ್ನುವವರೂ ಇದ್ದಾರೆ. ನನಗಂತೂ ಒಪ್ಪಿಗೆಯಿಲ್ಲ.

ನಮ್ಮ ಹಳೇ ಸಂಸ್ಕೃತ ನಾಟಕದವರು ಇದನ್ನು ಇನ್ನೂ ನಾಜೂಕಾಗಿ ವಿಂಗಡಿಸಿದ್ದರು. ಎಲ್ಲರಿಗೂ ಕೇಳುವುದು ಪ್ರಕಾಶ, ಯಾರಿಗೂ ಕೇಳದ್ದು ಸ್ವಗತ, ತ್ರಿಪತಾಕ ಹಸ್ತ (ಉಂಗುರದ ಬೆರಳು ಮಡಿಸಿದ ಕೈ) ಅಡ್ಡ ಹಿಡಿದು ಒಬ್ಬರಿಗಷ್ಟೇ ಹೇಳುವುದು ಜನಾಂತಿಕ. ರಂಗದ ಮೇಲೆ ಇಲ್ಲದವರ ಜೊತೆ ‘ಏನಂದೆ?’ ಅಂತ ಕೇಳಿ, ಅವರ ಮಾತನ್ನೂ ತಾನೇ ಹೇಳಿ ಮುಂದುವರಿಯುವುದು ಆಕಾಶಭಾಷಿತ. ಭಾಣ ಅನ್ನುವ ಒಂದಂಕದ ನಾಟಕದಲ್ಲಿ ಒಬ್ಬನೇ ನಟ ಹೀಗೇ ಇಡೀ ಆಟ ಮುಗಿಸುತ್ತಾನೆ. ರಂಗದ ಮೇಲೆ ಅವನೊಬ್ಬನೇ, ಆದರೂ ಅದು ಸ್ವಗತ ಅಲ್ಲ. ಇನ್ನು ಅಚ್ಚಾದ ಕನ್ನಡ ನಾಟಕಗಳಲ್ಲಿ ಕಂಸದೊಳಗೆ ‘ಸ್ವಗತ’ ಅಂತ ಇದ್ದರೆ ಎಷ್ಟೋ ಸಲ ಅದು ಒಂದೇ ಸಾಲು, ಎದುರಿಗಿರುವವನಿಗೆ ಕೇಳದ ಹಾಗೆ ಆಡುವ ಮಾತು. ಅಂದರೆ ಕನ್ನಡದ ಸ್ವಗತಕ್ಕೆ ಉದ್ದದ ಹಂಗಿಲ್ಲ, ಅಲ್ವಾ?

ನನಗೆ ತೊಡಕಾಗಿರುವುದು ತಾಳಮದ್ದಳೆಯ ಪೀಠಿಕೆ, ಅಂದರೆ ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ಕೂಟದಲ್ಲಿ ಪಾತ್ರ ಮೊದಲು ಬಂದಾಗ ಆಡುವ ಉದ್ದ ಮಾತು. ನಮ್ಮ ಜಿಲ್ಲೆಯ ಸಂಪಾಜೆ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಷ ಇಲ್ಲ, ಪರದೆ ಇಲ್ಲ. ಕರ್ಣನ ಅರ್ಥಧಾರಿ, ಅಂದರೆ ಆ ಪಾತ್ರದ ಮಾತಾಡುವ ಕಲಾವಿದರು, ಕೂತಲ್ಲೇ ತನ್ನ ಹುಟ್ಟು, ಸೂತಪುತ್ರ ಅನ್ನಿಸಿಕೊಂಡ ಅವಮಾನ, ದುರ್ಯೋಧನನ ಋಣ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾರೆ. ಎದುರು ಪಾತ್ರದ ಅರ್ಥಧಾರಿ ಮಾರು ದೂರದಲ್ಲೇ ಕೂತಿರುತ್ತಾರೆ, ಒಳ್ಳೆಯ ಮಾತು ಬಂದರೆ ತಲೆಯನ್ನೂ ಆಡಿಸುತ್ತಾರೆ. ಆದರೆ ಅವರ ಪಾತ್ರ ಇನ್ನೂ ಬಂದಿಲ್ಲ. ಕಲಾವಿದರಿಗೆ ಕೇಳಿದೆ, ಪಾತ್ರಕ್ಕೆ ಕೇಳಿಲ್ಲ. ಇಷ್ಟಾದರೆ ಸ್ವಗತ ಅಂದುಬಿಡಬಹುದಿತ್ತು. ಆಮೇಲೆ ಸಂವಾದ ಬಿಸಿಯೇರಿದಾಗ ಅದೇ ಪೀಠಿಕೆಯ ಒಂದು ಮಾತನ್ನು ಹಿಡಿದು ‘ಋಣ ಅಂದೆಯಲ್ಲ, ಯಾವ ಋಣ?’ ಅಂತ ಎದುರಿನವರು ಪಟ್ಟು ಹಾಕಿದರೆ? ಆಗ ಅದು ಎದುರು ಪಾತ್ರಕ್ಕೂ ಕೇಳಿಸಿದ ಹಾಗಾಯಿತು. ಸಭೆಗೆ ಇದರಲ್ಲಿ ಜಾಸ್ತಿ ಮಜಾ, ನನಗೆ ಮಾತ್ರ ತಲೆನೋವು.

ರನ್ನನ ‘ಗದಾಯುದ್ಧ’ದ ದುರ್ಯೋಧನನದೂ ಇದೇ ಕಥೆ. ಕರ್ಣನ ಹೆಣದ ಮುಂದೆ ನಿಂತು ಕರ್ಣನಿಗೇ ಹೇಳಿಕೊಂಡು ಅಳುತ್ತಾನೆ. ಸತ್ತವನಿಗೆ ಕೇಳುವುದಿಲ್ಲ, ಜೊತೆಗಿರುವ ಸಂಜಯನಿಗೆ ಕೇಳುತ್ತದೆ. ನಾನಾದರೆ ಸ್ವಗತ ಅನ್ನುವುದಿಲ್ಲ.

ಮಾನೊಲಾಗ್‌ಗೆ ‘ಏಕಭಾಷಣ’ ಅಂತ ಬಳಸುವುದುಂಟು, ಆದರೆ ಅದು ಸಭೆಯ ಅಧ್ಯಕ್ಷರ ಭಾಷಣದ ಹಾಗೆ ಕೇಳುತ್ತದೆ. ನಿಮ್ಮ ಕಡೆ ಇದಕ್ಕೆ ಏನನ್ನುತ್ತೀರಿ? ಪೀಠಿಕೆಯನ್ನು ಯಾವ ಕಡೆ ಸೇರಿಸುತ್ತೀರಿ? ಕೊಡವ ನಾಟಕಕಾರ ಅಪ್ಪಚ್ಚ ಕವಿಯ ನಾಟಕಗಳಲ್ಲಿ ಪಾತ್ರ ಮಾಡಿದವರು ಯಾರಾದರೂ ಇದ್ದರೆ, ಒಬ್ಬರೇ ನಿಂತು ಆಡುವ ಮಾತಿಗೆ ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ಏನನ್ನುತ್ತೀರಿ ಅಂತಲೂ ತಿಳಿಸಿ. ಅರೆಭಾಷೆಯವರೂ ಬರೆಯಿರಿ.