ಶಿಯರ್ ವಾಲ್: ಸ್ಟೀಲ್ ಎಷ್ಟು ಹೆಚ್ಚಿಸಿದರೂ ಬೌಂಡರಿ ಎಲಿಮೆಂಟ್ ಬೇಕು ಅಂತಲೇ ಬರುತ್ತಿದೆ

ಪ್ರಶ್ನೆ:
ಮಂಗಳೂರು, ಭೂಕಂಪ ವಲಯ 3. ನೆಲಮಹಡಿ ಮೇಲೆ 12 ಅಂತಸ್ತು, ಎತ್ತರ 39 ಮೀ. ಲಿಫ್ಟ್ ಪಕ್ಕದ ಶಿಯರ್ ವಾಲ್ (ಭೂಕಂಪದ ಅಡ್ಡಬಲ ತಡೆಯುವ ಕಾಂಕ್ರೀಟ್ ಗೋಡೆ) 3000 ಮಿಮೀ ಉದ್ದ, 200 ಮಿಮೀ ದಪ್ಪ, ಕಾಂಕ್ರೀಟ್ ಎಂ30 (ಬಲ 30 ಎಂಪಿಎ). ಬುಡದಲ್ಲಿ ಫ್ಯಾಕ್ಟರ್ಡ್ ಲೋಡ್ (ಸುರಕ್ಷತಾ ಗುಣಕ ಸೇರಿಸಿದ ಭಾರ) 2400 ಕಿಲೋನ್ಯೂಟನ್, ಮೊಮೆಂಟ್ (ಬಾಗಿಸುವ ಪರಿಣಾಮ) 1500 ಕಿಲೋನ್ಯೂಟನ್-ಮೀಟರ್. ಕಟ್ಟಡ ವಿನ್ಯಾಸದ ತಂತ್ರಾಂಶ ಈಟ್ಯಾಬ್ಸ್‌ನಲ್ಲಿ ನಿಲುವು ಸರಳುಗಳನ್ನು 12ರಿಂದ 16 ಮಿಮೀಗೆ ಏರಿಸಿದರೂ ಬೌಂಡರಿ ಎಲಿಮೆಂಟ್ (ಗೋಡೆಯ ಎರಡು ತುದಿಗಳಲ್ಲಿ ಹೆಚ್ಚು ಬಿಗಿಯಾಗಿ ಸರಳು ಕಟ್ಟಿದ ಭಾಗ) ಕೇಳುವುದು ನಿಲ್ಲುತ್ತಿಲ್ಲ. ಪಿಯರ್ ಲೇಬಲ್ (ತಂತ್ರಾಂಶದಲ್ಲಿ ಗೋಡೆಗೆ ಕೊಟ್ಟ ಗುರುತು) ಸರಿಯಿದೆ.

ಉತ್ತರ 1:
ಸರ್, ಸ್ಟೀಲ್ ಹಾಕಿದರೆ ಇದು ಹೋಗುವುದಿಲ್ಲ. ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 13920:2016 ಇಲ್ಲಿ ನೋಡುವುದು ಸರಳಿಲ್ಲದ ಇಡೀ ಅಡ್ಡಕೊಯ್ತದ ತುದಿಯ ಒತ್ತಡ ಮಾತ್ರ. ನಿಮ್ಮದೇ ಲೆಕ್ಕ: 2400 ಭಾಗಿಸು 0.6 ಚದರ ಮೀ = 4 ಎಂಪಿಎ. ಮೊಮೆಂಟಿನಿಂದ 5. ಒಟ್ಟು 9. ಎಂ30ಕ್ಕೆ ಮಿತಿ ಕಾಂಕ್ರೀಟಿನ ಬಲದ 0.2 ಪಟ್ಟು, ಅಂದರೆ 6. ಮೇಲೆ ಹೋಗುತ್ತಾ ಒತ್ತಡ 4.5ಕ್ಕಿಂತ (0.15 ಪಟ್ಟು) ಇಳಿದ ಮಹಡಿಯಿಂದ ಬೌಂಡರಿ ಎಲಿಮೆಂಟ್ ನಿಲ್ಲಿಸಬಹುದು.

ಪ್ರಶ್ನೆ:
ಹಾಗಾದರೆ 250 ಮಿಮೀ ದಪ್ಪ, ಎಂ40 ಮಾಡಿ ತಪ್ಪಿಸಿಕೊಳ್ಳಬಹುದಾ?

ಉತ್ತರ 1:
ಹಳೆಯ ಮೊಮೆಂಟಿಗೆ 7.2 ಬರುತ್ತದೆ, ಮಿತಿ 8, ಪಾಸ್. ಆದರೆ ಗೋಡೆಯ ಬಿಗಿತ ಸುಮಾರು 1.44 ಪಟ್ಟಾಗುತ್ತದೆ, ಬಿಗಿ ಇದ್ದವನ ಮೇಲೇ ಭೂಕಂಪದ ಪಾಲು ಹೆಚ್ಚು ಬೀಳುತ್ತದೆ. ಮೊಮೆಂಟ್ 1800 ದಾಟಿದರೆ ಮತ್ತೆ ಅಲ್ಲಿಗೇ ಬಂದಿರಿ. ಮಾಡೆಲ್ ಮತ್ತೆ ಓಡಿಸದೆ ನಂಬಬೇಡಿ.

ಉತ್ತರ 2:
ತಪ್ಪಿಸುವ ದಾರಿ ಹುಡುಕುವುದೇ ಬೇಡ ಅನ್ನುತ್ತೇನೆ. ಗೋಡೆ ಮೊದಲು ಜಜ್ಜಿಹೋಗುವುದು ಬುಡದ ಆ ಎರಡು ತುದಿಗಳಲ್ಲೇ: ಕವರ್ (ಸರಳಿನ ಹೊರಗಿನ ಕಾಂಕ್ರೀಟ್ ಪದರ) ಸಿಡಿದು, ಒಳಗಿನ ಕಾಂಕ್ರೀಟ್ ಪುಡಿಯಾಗಿ, ಸರಳು ಬಾಗುತ್ತದೆ. ಅದನ್ನು ಹಿಡಿದಿಡುವುದು ರಿಂಗ್, ಅಂದರೆ ನಿಲುವು ಸರಳುಗಳ ಸುತ್ತ ಕಟ್ಟುವ ಕಂಬಿ.

ಆದರೆ 200 ಮಿಮೀ ದಪ್ಪದೊಳಗೇ ರಿಂಗ್ ಕೂರಿಸಿದರೆ ಅಂತರ ದಪ್ಪದ ಮೂರನೇ ಒಂದು, 66 ಮಿಮೀ. ವೈಬ್ರೇಟರ್ ಸೂಜಿ ಇಳಿಯಲು ಜಾಗ ಸಾಲದೆ ಕಾಂಕ್ರೀಟಿನಲ್ಲಿ ಜೇನುಗೂಡಿನಂತೆ ಟೊಳ್ಳು ಉಳಿಯುತ್ತದೆ. ತುದಿಗಳನ್ನು 300 ಮಿಮೀಗೆ ದಪ್ಪ ಮಾಡಿ. ಒತ್ತಡ 9ರಿಂದ 6ಕ್ಕೆ ಇಳಿಯುವುದು ತುದಿಯಿಂದ 900 ಮಿಮೀ ಒಳಗೆ, ಅಷ್ಟೇ ಉದ್ದ ಇಟ್ಟು ಶುರು ಮಾಡಿ. ಈ ಹೊಸ ಆಕಾರಕ್ಕೂ ಅದೇ ಲೋಡಿಗೆ 6.5 ಬರುತ್ತದೆ, ಹಾಗಾಗಿ ರಿಂಗ್ ಬೇಕೇ ಬೇಕು.

ನಿಲುವು ಸ್ಟೀಲ್ ಕನಿಷ್ಠ ಶೇ. 0.8, ಅಂದರೆ 2160 ಚದರ ಮಿಮೀ; 16 ಮಿಮೀಯ 12 ಸರಳು ಸಾಕು. ರಿಂಗ್ ಅಂತರ 300/3, 6×16, 100 ಈ ಮೂರರಲ್ಲಿ ಚಿಕ್ಕದು 96, 90ಕ್ಕೆ ಕಟ್ಟಿಸಿ. ರಿಂಗಿನ ಒಂದೊಂದು ಕಾಲಿಗೆ ಬೇಕಾದ್ದು ಸುಮಾರು 59 ಚದರ ಮಿಮೀ, 8 ಮಿಮೀ ಕಂಬಿ 50 ಮಾತ್ರ ಕೊಡುತ್ತದೆ. 10 ಮಿಮೀ ಹಾಕಿ.

ಪ್ರಶ್ನೆ:
ಲ್ಯಾಪ್ (ಒಂದು ಸರಳಿಗೆ ಇನ್ನೊಂದನ್ನು ಪಕ್ಕದಲ್ಲಿಟ್ಟು ಜೋಡಿಸುವುದು) ಮೊದಲ ಸ್ಲ್ಯಾಬ್ ಮೇಲೇ ಕೊಡಬಹುದಾ? ಬಾರ್‌ಬೆಂಡರ್ ಅದನ್ನೇ ಕೇಳುತ್ತಿದ್ದಾರೆ.

ಉತ್ತರ 2:
ಬೇಡ. ಜೋಡಣೆ ತಪ್ಪಿಸಬೇಕಾದ ಎತ್ತರಕ್ಕೆ ಗೋಡೆಯ ಉದ್ದ 3 ಮೀ, ಎತ್ತರದ ಆರನೇ ಒಂದು 6.5 ಮೀ, ದೊಡ್ಡದನ್ನು ಹಿಡಿಯಬೇಕು, ಉದ್ದದ ಎರಡು ಪಟ್ಟು ಮೀರಬಾರದು. ಹಾಗಾಗಿ ಬುಡದಿಂದ 6 ಮೀಟರ್‌ವರೆಗೆ ಜೋಡಣೆ ಬೇಡ. ಅಂಗಡಿಯಲ್ಲಿ ಸಿಗುವ 12 ಮೀಟರ್ ಸರಳನ್ನು ಕತ್ತರಿಸದೆ ರಾಫ್ಟ್‌ನಿಂದಲೇ (ಅಡಿಪಾಯದ ಚಪ್ಪಡಿ) ನಿಲ್ಲಿಸಿದರೆ ಆ ಎತ್ತರ ದಾಟಿಬಿಡುತ್ತದೆ. ಗಾಳಿಗೆ ವಾಲದಂತೆ ಆಸರೆ ಕಟ್ಟಿಸಿ. ರಿಂಗಿನ ಕೊಕ್ಕೆ 135 ಡಿಗ್ರಿ ಒಳಗೆ ಮಡಚಿದ್ದು, ಕನಿಷ್ಠ 65 ಮಿಮೀ ಬಾಲ. 90 ಡಿಗ್ರಿಗೆ ಬಿಟ್ಟರೆ ಕವರ್ ಉದುರಿದ ಕ್ಷಣ ಬಿಚ್ಚಿಕೊಳ್ಳುತ್ತದೆ. ಶಟರಿಂಗ್ ಮುಚ್ಚುವ ಮೊದಲು ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡಿ.