ತಿಂಗಳಾದರೂ ಬಿಡದ ಕೆಮ್ಮಿಗೆ ಕುದುರೆ ಸವಾರಿ, ಕತ್ತೆ ಹಾಲು: ಹಳೇ ಡಾಕ್ಟರುಗಳ ಲೆಕ್ಕಾಚಾರ ಏನಿತ್ತು?

ಪ್ರಶ್ನೆ: ಮೇಡಂ, ನೀವು ಎದೆ ರೋಗದ ಡಾಕ್ಟರು, ಹಳೇ ವೈದ್ಯದ ಬಗ್ಗೆಯೂ ಇಲ್ಲಿ ಬರೆಯುತ್ತಿರುತ್ತೀರಿ. ಅದಕ್ಕೇ ಕೇಳುತ್ತಿದ್ದೇನೆ. 18ನೇ ಶತಮಾನದಲ್ಲಿ ಬ್ರಿಟನ್ನಿನ ಡಾಕ್ಟರುಗಳು ರೋಗಿಗಳಿಗೆ ಬರೆದ ಕಾಗದಗಳನ್ನು ಓದುತ್ತಿದ್ದೇನೆ. ಹದಿನಾರು ಹದಿನೆಂಟರ ಮಕ್ಕಳಿಗೆ ಕೆಮ್ಮು ಬಿಡುತ್ತಿಲ್ಲ ಅಂದರೆ ಸಾಕು, ಹೆಚ್ಚುಕಮ್ಮಿ ಒಂದೇ ಸಲಹೆ. ಮಾಂಸ ಬಿಡಿ, ಹಾಲು ಕುಡಿಯಿರಿ, ಕತ್ತೆ ಹಾಲಾದರೆ ಇನ್ನೂ ಒಳ್ಳೆಯದು. ಮೈಗೆ ತಾಗುವಂತೆ ಫ್ಲಾನೆಲ್ (ಮೆತ್ತನೆಯ ಉಣ್ಣೆ ಬಟ್ಟೆ) ಹಾಕಿ, ಕುದುರೆ ಏರಿ, ಸ್ವಲ್ಪ ರಕ್ತ ತೆಗೆಸಿ, ಎದೆ ಮೇಲೆ ಬೊಬ್ಬೆ ಎಬ್ಬಿಸಿ. ರೋಗಿಯ ಮುಖವನ್ನೇ ನೋಡದೆ ಇಷ್ಟೆಲ್ಲ ಹೇಗೆ ಬರೆದರು? ಇದರಲ್ಲಿ ಒಂದಾದರೂ ಕೆಲಸ ಮಾಡುತ್ತಿತ್ತಾ?

ಉತ್ತರ: ಮುಖ ನೋಡಿದ್ದರೂ ಆಗ ಜಾಸ್ತಿ ಏನೂ ಗೊತ್ತಾಗುತ್ತಿರಲಿಲ್ಲ. ಸ್ಟೆತಸ್ಕೋಪ್ ಬಂದದ್ದು 1816ರಲ್ಲಿ, ಎಕ್ಸ್‌ರೇ 1895ರಲ್ಲಿ. ಎದೆಯನ್ನು ಬೆರಳಿಂದ ತಟ್ಟಿ ಸದ್ದು ಕೇಳುವ ಉಪಾಯವನ್ನು ವಿಯೆನ್ನಾದ ಔಎನ್‌ಬ್ರುಗ್ಗರ್ 1761ರಲ್ಲೇ ಬರೆದಿದ್ದ. ಆದರೆ ಮುಂದೆ ನಲವತ್ತು ವರ್ಷ ಅದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. ಹಾಗಾಗಿ ಎಲ್ಲ ನಿಂತಿದ್ದು ರೋಗಿ ಹೇಳುವ ಕಥೆಯ ಮೇಲೆ. ಕಥೆಯನ್ನು ಕಾಗದದಲ್ಲೂ ಹೇಳಬಹುದಲ್ವಾ?

ಎಡಿನ್‌ಬರೋದ ವಿಲಿಯಂ ಕಲೆನ್ (1710–1790) ಹೀಗೆ ಅಂಚೆಯಲ್ಲೇ ಎಷ್ಟೋ ಜನರಿಗೆ ಸಲಹೆ ಕೊಟ್ಟರು. 1781ರಿಂದ ಅವರ ಹತ್ತಿರ ಜೇಮ್ಸ್ ವಾಟ್ ಕಂಡುಹಿಡಿದ ನಕಲು ಯಂತ್ರ ಇತ್ತು. ಹೌದು, ಉಗಿ ಎಂಜಿನ್ನಿನ ವಾಟ್. ಶಾಯಿ ಆರುವ ಮೊದಲೇ ಕಾಗದದ ಮೇಲೆ ತೆಳ್ಳನೆಯ ಒದ್ದೆ ಹಾಳೆ ಇಟ್ಟು ಒತ್ತುವುದು. ಅಕ್ಷರ ತಿರುಗುಮುರುಗಾಗಿ ಮೂಡುತ್ತದೆ, ಹಾಳೆ ತೆಳುವಾದ್ದರಿಂದ ಹಿಂದಿನಿಂದ ಓದಿದರೆ ಸರಿಯಾಗಿ ಕಾಣುತ್ತದೆ. ಅವರ ಸಾವಿರಾರು ಉತ್ತರಗಳು ಇವತ್ತಿಗೂ ಉಳಿದಿರುವುದರಲ್ಲಿ ಈ ಯಂತ್ರದ ಪಾಲು ದೊಡ್ಡದು.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಅವರು ಹೆದರುತ್ತಿದ್ದದ್ದು ಕೆಮ್ಮಿಗಲ್ಲ, ಕ್ಷಯಕ್ಕೆ. ಹರೆಯದವರೇ ಅದಕ್ಕೆ ಯಾಕೆ ಸಿಕ್ಕುತ್ತಾರೆ ಎಂಬುದಕ್ಕೆ ಕಲೆನ್ ಒಂದು ಲೆಕ್ಕ ಹಾಕಿದ್ದರು. ಹದಿನಾರರ ಹೊತ್ತಿಗೆ ಮೈ ಬೆಳೆಯುವುದು ನಿಲ್ಲುತ್ತಾ ಬರುತ್ತದೆ, ರಕ್ತ ಮಾತ್ರ ಮೊದಲಿನಷ್ಟೇ ತಯಾರಾಗುತ್ತಿರುತ್ತದೆ, ಆ ಹೆಚ್ಚಿನ ರಕ್ತ ಶ್ವಾಸಕೋಶದಲ್ಲಿ ತುಂಬಿ ನಾಳ ಒಡೆಯುತ್ತದೆ, ಅಲ್ಲಿಂದ ಕ್ಷಯ. ಇದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ತಾನಾಗಿ ಸಾಲುಗೂಡುತ್ತದೆ. ಮಾಂಸ ತಿಂದರೆ ರಕ್ತ ಹೆಚ್ಚುತ್ತದೆ, ಬೇಡ. ಇರುವ ರಕ್ತ ಜಾಸ್ತಿ, ಆರೆಂಟು ಔನ್ಸ್ ತೆಗೆಯಿರಿ. ಚರ್ಮ ಬೆಚ್ಚಗಿದ್ದರೆ ರಕ್ತ ಹೊರಕ್ಕೆ ಸರಿಯುತ್ತದೆ, ಫ್ಲಾನೆಲ್ ಹಾಕಿ. ಒಂದು ಜಾತಿಯ ಹಸಿರು ಹುಳುವನ್ನು ಒಣಗಿಸಿ ಪುಡಿ ಮಾಡಿ, ಮೇಣದಲ್ಲಿ ಕಲಸಿ ಎದೆಗೆ ಅಂಟಿಸಿದರೆ ಬೊಬ್ಬೆ ಏಳುತ್ತದೆ. ಒಳಗಿನ ಉರಿಯನ್ನು ಅದು ಹೊರಗೆ ಎಳೆಯುತ್ತದೆ ಎಂಬ ನಂಬಿಕೆ. ಪಾಪದ ಮಕ್ಕಳು. ಕುದುರೆ ಸವಾರಿ ಇನ್ನೂ ಹಳೆಯದು. 17ನೇ ಶತಮಾನದಲ್ಲಿ ಲಂಡನ್ನಿನ ಥಾಮಸ್ ಸಿಡನಮ್ ಕ್ಷಯಕ್ಕೆ ಅದನ್ನು ಬಹಳ ಹೊಗಳಿದ್ದರು.

ತರ್ಕ ಚೆನ್ನಾಗಿದೆ, ಬುಡವೇ ತಪ್ಪು. ಕ್ಷಯಕ್ಕೆ ಕಾರಣ ಒಂದು ರೋಗಾಣು ಎಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ತೋರಿಸಿದ್ದು 1882ರ ಮಾರ್ಚ್ 24ಕ್ಕೆ. ರಕ್ತ ತೆಗೆದು, ಊಟ ಕಡಿಮೆ ಮಾಡಿದರೆ ಏನಾಗುತ್ತಿತ್ತು ಎಂಬುದಕ್ಕೆ ಕವಿ ಕೀಟ್ಸ್ ಕಥೆ ಸಾಕು. 1820ರ ಫೆಬ್ರವರಿಯಲ್ಲಿ ಕೆಮ್ಮಿದಾಗ ರಕ್ತ ಬಿತ್ತು. ಅದಕ್ಕೆ ಚಿಕಿತ್ಸೆ ಎಂದು ಕೈಯಿಂದ ಇನ್ನಷ್ಟು ರಕ್ತ ತೆಗೆದರು. ರೋಮ್‌ಗೆ ಹೋದ ಮೇಲೂ ಅದೇ, ಜೊತೆಗೆ ಹೊಟ್ಟೆಗಿಲ್ಲದ ಪಥ್ಯ. 1821ರ ಫೆಬ್ರವರಿ 23ಕ್ಕೆ ತೀರಿಕೊಂಡಾಗ ಅವನಿಗೆ 25. ಶವ ಪರೀಕ್ಷೆ ಮಾಡಿದರೆ ಶ್ವಾಸಕೋಶ ಅನ್ನುವುದೇ ಉಳಿದಿರಲಿಲ್ಲ. ಸ್ವತಃ ವೈದ್ಯ ಕಲಿತಿದ್ದವನು, ರಕ್ತದ ಬಣ್ಣ ನೋಡಿದ ದಿನವೇ ತನ್ನ ಗತಿ ಏನೆಂದು ಅವನಿಗೆ ಗೊತ್ತಾಗಿತ್ತು.

ಹಾಲು ಪರವಾಗಿಲ್ಲ, ಸೊರಗಿದ ಮೈಗೆ ಏನೋ ಒಂದು ಸಿಕ್ಕಂತಾಗುತ್ತಿತ್ತು. ಆದರೆ ಕಾಯಿಸದ ಹಸುವಿನ ಹಾಲಿನಿಂದಲೂ ಒಂದು ಬಗೆಯ ಕ್ಷಯ ಬರುತ್ತದೆ. ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಮರುಪ್ರಶ್ನೆ: ಆದರೆ ಮೇಡಂ, ಇದನ್ನೆಲ್ಲ ಮಾಡಿ ಗುಣವಾದವರೂ ಇದ್ದರಲ್ವಾ?

ಉತ್ತರ: ಇದ್ದೇ ಇದ್ದರು. ತುಂಬಾ ದಿನ ಕೆಮ್ಮಿದವರೆಲ್ಲ ಕ್ಷಯದವರಲ್ಲ. ಮಾಮೂಲಿ ನೆಗಡಿ ಹೋದ ಮೇಲೂ ಕೆಮ್ಮು ಮೂರು ವಾರ ಇರಬಹುದು. ನಾಯಿಕೆಮ್ಮು ಎರಡು ಮೂರು ತಿಂಗಳು ಕಾಡಿ ತಾನಾಗಿ ಇಳಿಯುತ್ತದೆ. ಅಸ್ತಮಾ ಬರುತ್ತದೆ, ಹೋಗುತ್ತದೆ. ಅಂಥ ಹುಡುಗ ಕುದುರೆ ಹತ್ತಿ, ಹೊಗೆ ತುಂಬಿದ ಕೋಣೆ ಬಿಟ್ಟು ಎರಡು ತಿಂಗಳು ಹೊರಗೆ ತಿರುಗಿದ. ಕೆಮ್ಮು ಹೋಯಿತು. ಹೆಸರು ಬಂದದ್ದು ಕುದುರೆಗೆ.

ಬಿಡಿಸಿ ನೋಡುವ ಪ್ರಯತ್ನ ಆಗಲೂ ಇತ್ತು. ಬಂದಿರುವುದು ಬರೀ ಕಫವಾ, ಕೀವಾ ಎಂದು ತಿಳಿಯಲು ಅದನ್ನು ನೀರಿಗೆ ಹಾಕುತ್ತಿದ್ದರು. ಮುಳುಗಿದರೆ ಕೀವು. ಇದಕ್ಕಿಂತ ನಂಬಿಕೆಯ ಪರೀಕ್ಷೆ ಹುಡುಕಿ ಎಡಿನ್‌ಬರೋದಲ್ಲಿ ಚಿನ್ನದ ಪದಕ ಗೆದ್ದ ಒಬ್ಬ ವೈದ್ಯ ವಿದ್ಯಾರ್ಥಿ ಇದ್ದ, ಹೆಸರು ಚಾರ್ಲ್ಸ್ ಡಾರ್ವಿನ್. ವಿಕಾಸವಾದದ ಡಾರ್ವಿನ್ ಅಲ್ಲ, ಅವರ ದೊಡ್ಡಪ್ಪ. 1778ರಲ್ಲಿ, ಹತ್ತೊಂಬತ್ತಕ್ಕೇ ತೀರಿಕೊಂಡ.

ಇನ್ನೊಬ್ಬರ ಪ್ರಶ್ನೆ: ಅಫೀಮು ಕೊಡುತ್ತಿದ್ದರು ಅಂತಾರೆ, ನಿಜವಾ?

ಉತ್ತರ: ನಿಜ. ಆ ಕಾಲದ ಔಷಧಿಗಳಲ್ಲಿ ಕೆಮ್ಮನ್ನು ನಿಜವಾಗಿ ತಡೆಯುತ್ತಿದ್ದದ್ದು ಅದೇ. ಅಫೀಮಿಗೆ ಇಪೆಕಾಕ್ ಬೇರು ಸೇರಿಸಿದ ಡೋವರ್ ಪುಡಿ 1732ರಲ್ಲಿ ಬಂತು, ಬಹಳ ಕಾಲ ಓಡಿತು. 1898ರಲ್ಲಿ ಬಾಯರ್ ಕಂಪನಿ ಹೆರಾಯಿನ್ ಅನ್ನೇ ಕೆಮ್ಮಿನ ಔಷಧಿಯಾಗಿ ಮಾರುಕಟ್ಟೆಗೆ ತಂದಿತು. ತೊಂದರೆ ಏನೆಂದರೆ ಕೆಮ್ಮು ಸುಮ್ಮನಾಗುತ್ತದೆ, ಒಳಗಿನ ರೋಗ ಸುಮ್ಮನಾಗುವುದಿಲ್ಲ. ಮಕ್ಕಳಲ್ಲಿ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಬರುತ್ತದೆ. ಅದೇ ವಂಶದ ಕೊಡೀನ್ ಅನ್ನು ಈಗಲೂ 12 ವರ್ಷದೊಳಗಿನವರಿಗೆ ಕೊಡಬಾರದು.

ಮೊದಲು ಕೇಳಿದವರು: ಮೇಡಂ, ನಿಜ ಹೇಳಿಬಿಡುತ್ತೇನೆ. ಈ ಕಾಗದಗಳ ಹಿಂದೆ ಬಿದ್ದದ್ದೇ ತಂಗಿ ಮಗನಿಂದ. ಅವನಿಗೆ 17, ಆರು ವಾರದಿಂದ ಕೆಮ್ಮು. ಜ್ವರ ಇಲ್ಲ. ಸಿರಪ್ ಎರಡು ಬಾಟಲಿ ಮುಗಿಯಿತು.

ಉತ್ತರ: ಇದನ್ನು ಮೊದಲೇ ಹೇಳಬಾರದಾ? ಮೂರನೇ ಬಾಟಲಿ ತರಬೇಡಿ. ಆರು ವಾರ ಅಂದರೆ ಎದೆಯ ಎಕ್ಸ್‌ರೇ ಮತ್ತು ಕಫದ ಪರೀಕ್ಷೆ ಆಗಲೇಬೇಕು. ಕ್ಷಯ ಇರಬಹುದಾ ಎಂದು ನೋಡಲು ಎರಡು ವಾರದ ಕೆಮ್ಮೇ ಸಾಕು. ಅಸ್ತಮಾ ಇದೆಯಾ ಎಂದು ಊದಿಸಿ ನೋಡುತ್ತಾರೆ. ಹಳೇ ಡಾಕ್ಟರುಗಳು ಕೇಳುತ್ತಿದ್ದ ಪ್ರಶ್ನೆಗಳನ್ನೇ ನಾನೂ ಕೇಳುತ್ತೇನೆ: ತೂಕ ಇಳಿದಿದೆಯಾ? ಸಂಜೆ ಮೈ ಬಿಸಿಯಾಗುತ್ತಾ? ರಾತ್ರಿ ಬೆವರುತ್ತಾನಾ? ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತಾ? ಒಂದು ಮಾತ್ರ ಹೊಸದು, ಸಿಗರೇಟು ವೇಪ್ ಏನಾದರೂ ಇದೆಯಾ? ಅದನ್ನು ಅವನೊಬ್ಬನೇ ಇದ್ದಾಗ ಕೇಳಿ. ಕಫದಲ್ಲಿ ರಕ್ತ ಕಂಡರೆ ಅಥವಾ ಉಸಿರು ಕಟ್ಟಿದರೆ ನಾಳೆ ಅನ್ನಬೇಡಿ, ಅವತ್ತೇ ಹೋಗಿ. ಒಂದು ವೇಳೆ ಕ್ಷಯವೇ ಆದರೂ ಮಾಮೂಲಿಯಾಗಿ ಆರು ತಿಂಗಳ ಮಾತ್ರೆಯಲ್ಲಿ ಗುಣವಾಗುತ್ತದೆ.

ಮೊದಲು ಕೇಳಿದವರು: ತೂಕ ನೋಡಿಲ್ಲ. ಪ್ಯಾಂಟು ಸಡಿಲ ಆಗಿದೆ ಅಂತ ತಂಗಿ ಹೇಳಿದಳು. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತೇನೆ.

ಉತ್ತರ: ಹೋಗಿ. ಕಫಕ್ಕೆ ಮುಚ್ಚಳದ ಡಬ್ಬಿ ಅವರೇ ಕೊಡುತ್ತಾರೆ. ಎದ್ದ ಕೂಡಲೇ, ಏನೂ ತಿನ್ನುವ ಮೊದಲು, ಬಾಯಿ ಮುಕ್ಕಳಿಸಿ, ಎರಡು ಸಲ ದೀರ್ಘವಾಗಿ ಉಸಿರೆಳೆದು ಎದೆಯ ಆಳದಿಂದ ಕೆಮ್ಮಿ ತೆಗೆಯಲು ಹೇಳಿ. ಬಾಗಿಲು ಕಿಟಕಿ ತೆರೆದಿರಲಿ, ಎದುರಿಗೆ ಯಾರೂ ನಿಲ್ಲಬೇಡಿ. ಬರೀ ಎಂಜಲು ತುಂಬಿಸಿ ಕೊಟ್ಟರೆ ಪರೀಕ್ಷೆ ಮತ್ತೆ ಮಾಡಿಸಬೇಕಾಗುತ್ತದೆ.